‘ಕೊಡಿ ಹಬ್ದೊಳಗೆ ಆತ್ತ್’

ಮದುವೆಯಾದ ಮೇಲೆ ನಾನು ಕಲಿತ ಮೊದಲ ಕುಂದಾಪ್ರ ಕನ್ನಡದ ವಾಕ್ಯ ಇದು. ಕೊಡಿ ಹಬ್ಬದೊಳಗೆ ಆಗುತ್ತದೆ ಅಂತ ಅರ್ಥ. ನಾನು ತುಮಕೂರಿನ ಕಡೆಯವನು, ಇವಳು ಕುಂದಾಪುರದವಳು. ಜೂನ್‌ನಿಂದಲೂ ಮಾವನಿಗೆ ಫೋನ್ ಮಾಡಿದಾಗೆಲ್ಲ ಮನೆ ಗೇಟಿನ ಕಥೆ, ಓಣಿ ತುದಿಯ ಮೋರಿಯ ಕಥೆ, ಬೀದಿ ದೀಪದ ಕಥೆ. ಮಳೆಗೆ ಮೋರಿಯ ಚಪ್ಪಡಿ ಮುರಿದಿತ್ತು. ಗೇಟು ತುಕ್ಕು ಹಿಡಿದು ಒಂದು ಕಡೆ ಜೋತು ಬಿದ್ದಿತ್ತು. ‘ಯಾವಾಗ ಸರಿ ಮಾಡ್ತಾರಂತೆ ಮಾವ?’ ಅಂತ ಕೇಳಿದರೆ ಉತ್ತರ ಒಂದೇ. ‘ಕೊಡಿ ಹಬ್ದೊಳಗೆ ಆತ್ತ್.’

ಕೊಡಿ ಅಂದರೆ ಯಾವುದೋ ಊರು ಅಂದುಕೊಂಡಿದ್ದೆ. ಅಲ್ಲ. ಊರಿನ ಹೆಸರು ಕೋಡಿ, ದೀರ್ಘ. ಅದು ಕುಂದಾಪುರದ ಕಡಲತೀರ. ಹಬ್ಬದ್ದು ಕೊಡಿ, ಹ್ರಸ್ವ. ಗಿಡದ ಚಿಗುರು ತುದಿ. ಕುಂದಾಪುರದಿಂದ ದಕ್ಷಿಣಕ್ಕೆ ಮೂರ್ನಾಲ್ಕು ಕಿಲೋಮೀಟರ್ ದೂರದ ಕೋಟೇಶ್ವರದಲ್ಲಿ ನಡೆಯುವ ಕೋಟಿಲಿಂಗೇಶ್ವರನ ರಥೋತ್ಸವವೇ ಕೊಡಿ ಹಬ್ಬ. ವೃಶ್ಚಿಕ ಮಾಸದ ಹುಣ್ಣಿಮೆಗೆ, ಅಂದರೆ ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುತ್ತದೆ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಹೋಗಿ, ಕಬ್ಬಿನ ಕೊಡಿ ತರಬೇಕು. ‘ಹೊಸ ಜೋಡಿ ಕೊಡಿ ಹಬ್ಬಕ್ಕೆ ಹೋಯ್ಕೇ’ ಅಂತ ಅತ್ತೆ ಹೇಳಿಬಿಟ್ಟರು. ರಜೆ ಹಾಕಿದೆ.

ಮೊದಲ ದಿನ

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕುಂದಾಪುರ ಮುಟ್ಟಿಸುತ್ತದೆ. ಸ್ಟೇಷನ್ ಇರುವುದು ಊರಲ್ಲಿ ಅಲ್ಲ, ಮೂಡ್ಲಕಟ್ಟೆಯಲ್ಲಿ. ಊರಿಗೆ ಇನ್ನೂ ಸುಮಾರು 5 ಕಿಲೋಮೀಟರ್. ಇಳಿದ ತಕ್ಷಣ ಮೈಗೆ ಅಂಟುವ ಆ ಗಾಳಿ. ಡಿಸೆಂಬರ್‌ನಲ್ಲಿ ಸ್ವೆಟರ್ ಹಾಕಿಕೊಂಡು ರೈಲು ಹತ್ತಿದ್ದ ನಾನು ಇಳಿಯುವಾಗಲೇ ಅದನ್ನು ಬ್ಯಾಗಿಗೆ ತುರುಕಿದೆ.

ಭಾವಮೈದ ಸ್ಕೂಟರ್ ತಂದಿದ್ದ. ಇವಳನ್ನು ಆಟೋದಲ್ಲಿ ಮನೆಗೆ ಕಳಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ‘ಬಾವ, ಮೀನು ತಗೊಂಡೇ ಹೋಪ’ ಅಂದ. ಹಬ್ಬದ ದಿನ ಮನೆಯಲ್ಲಿ ಮೀನು ಮಾಡುವುದಿಲ್ಲ. ಹಾಗಾಗಿ ಇವತ್ತು ನಾಳೆ ಎರಡೇ ದಿನ ಕೈಯಲ್ಲಿರುವುದು. ಅವನ ಲೆಕ್ಕ ಸರಿಯಾಗಿಯೇ ಇತ್ತು.

ಶಾಸ್ತ್ರಿ ಸರ್ಕಲ್ ಬಂತು. ಮೇಲೆ ಫ್ಲೈಓವರ್. ‘ಇದನ್ನು ಸರಿಯಾಗಿ ನೋಡಿ ಬಾವ, ನಮ್ಮೂರಿನ ತಾಜ್‌ಮಹಲ್’ ಅಂದ. ಸುರತ್ಕಲ್‌ನಿಂದ ಕುಂದಾಪುರದವರೆಗಿನ ಚತುಷ್ಪಥ ಕೆಲಸ ಶುರುವಾದಾಗ ಇವನು ಪ್ರೈಮರಿ ಶಾಲೆಯಲ್ಲಿದ್ದನಂತೆ. ಫ್ಲೈಓವರ್ ಮೇಲೆ ವಾಹನ ಓಡಿದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಇವನಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತ್ತು. ಅದೆಷ್ಟು ಪ್ರತಿಭಟನೆ, ಅದೆಷ್ಟು ಗಡುವು, ಎಷ್ಟೆಷ್ಟು ಟ್ರೋಲು ಅಂತ ದಾರಿಯುದ್ದಕ್ಕೂ ಹೇಳಿದ. ಅದಕ್ಕೂ ಯಾರಾದರೂ ಕೊಡಿ ಹಬ್ಬದ ಗಡುವು ಕೊಟ್ಟಿದ್ದರಾ ಅಂತ ಕೇಳಿದೆ. ‘ಯಾವ ವರ್ಷದ ಕೊಡಿ ಹಬ್ಬ ಅಂತ ಹೇಳಿರಲಿಲ್ಲ’ ಅಂದ.

ಮೀನು ಮಾರುಕಟ್ಟೆಯಲ್ಲಿ ನಾನು ಬರೀ ನೋಡುಗ. ಬಂಗುಡೆ ಗೊತ್ತು, ಅಂಜಲ್ ಗೊತ್ತು. ಮಂಗಳೂರಿನವರ ಭೂತಾಯಿ ಇಲ್ಲಿ ಬೈಗೆ. ಸಿಗಡಿ ಇಲ್ಲಿ ಚಟ್ಲಿ. ಮೀನು ಮಾರುವ ಹೆಂಗಸು ನನ್ನ ಮುಖ ನೋಡಿಯೇ ಕಂಡುಹಿಡಿದರು. ‘ಘಟ್ಟದ ಮೇಲಿನವ್ರಾ? ಹೊಸ ಅಳಿಯಾ?’ ಚಟ್ಲಿ ಹಾಕುವಾಗ ಒಂದು ಮುಷ್ಟಿ ಜಾಸ್ತಿ ಹಾಕಿದರು. ‘ಇದ್ ಕೊಡಿ ಹಬ್ಬದ್ ಲೆಕ್ಕ’ ಅಂದರು.

ಮಾವನ ಮನೆ ಕುಂದಾಪುರಕ್ಕೂ ಕೋಟೇಶ್ವರಕ್ಕೂ ನಡುವೆ ಒಂದು ಓಣಿಯಲ್ಲಿದೆ. ಗೇಟು ಜೂನ್‌ನಲ್ಲಿ ಹೇಗೆ ಜೋತು ಬಿದ್ದಿತ್ತೋ ಹಾಗೇ ಇತ್ತು. ಮೋರಿಯ ಮೇಲೆ ಎರಡು ಅಡಿಕೆ ಮರದ ದಬ್ಬೆ ಹಾಕಿದ್ದರು. ಸ್ಕೂಟರ್ ಇಳಿದು ತಳ್ಳಿಕೊಂಡು ದಾಟಿದೆವು. ‘ನಾಡಿದ್ದು ಹಬ್ಬ, ಆಗಲೇ ಇಲ್ಲವಲ್ಲ ಮಾವ’ ಅಂದೆ. ಅವರು ತಲೆ ಕೂಡ ಎತ್ತದೆ, ‘ಇನ್ನೂ ಎರಡು ದಿನ ಇತ್ತಲೆ’ ಅಂದರು.

ಮಾವ ನಿವೃತ್ತ ಮೇಷ್ಟ್ರು. ಊರಿನ ಸುದ್ದಿಯಲ್ಲಿ ಇವರಿಗಿರುವ ಆಸಕ್ತಿ ನನಗೆ ಕ್ರಿಕೆಟ್‌ನಲ್ಲಿಯೂ ಇಲ್ಲ. ಪೇಪರ್ ತೆಗೆದರೆ ಮೊದಲು ಓದುವುದು ಒಳಪುಟದ ಪುರಸಭೆ ಸಾಮಾನ್ಯ ಸಭೆಯ ವರದಿ. ದೆಹಲಿಯ ಸುದ್ದಿ ಆಮೇಲೆ, ಟೀ ಉಳಿದಿದ್ದರೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಚಟ್ಲಿ ಸುಕ್ಕ ಹೊಡೆದು ಜಗುಲಿಯಲ್ಲಿ ಒರಗಿದ್ದಾಗ ನನಗೆ ಪಾಠ ಶುರುವಾಯಿತು.

ಕುಂದಾಪುರ ಪುರಸಭೆಗೆ 23 ವಾರ್ಡು. 2011ರ ಗಣತಿಯಲ್ಲಿ ಜನಸಂಖ್ಯೆ ಸುಮಾರು 30 ಸಾವಿರ. ಕಾನೂನಿನ ಪ್ರಕಾರ 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ಆದರೆ ಕೋಟೇಶ್ವರ ಪುರಸಭೆಗೆ ಸೇರಿಲ್ಲ, ಅಲ್ಲಿ ಗ್ರಾಮ ಪಂಚಾಯಿತಿ. ಹೆದ್ದಾರಿಯಲ್ಲಿ ಹೋದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ, ಅಂಗಡಿ ಸಾಲು ಹಾಗೇ ಮುಂದುವರಿಯುತ್ತದೆ. ಗೊತ್ತಾಗುವುದು ಮನೆ ಕಟ್ಟಲು ಹೊರಟಾಗ. ‘ಇತ್ಲಾಗಿನವನಿಗೆ ನಮೂನೆ ಮೂರು, ಅತ್ಲಾಗಿನವನಿಗೆ ನೈನ್ ಇಲೆವೆನ್’ ಅಂದರು.

ನೈನ್ ಇಲೆವೆನ್ ಅಂದಾಗ ನನಗೆ ನ್ಯೂಯಾರ್ಕ್ ನೆನಪಾಯಿತು. ಕರಾವಳಿಯಲ್ಲಿ ಅದರ ಅರ್ಥ ಬೇರೆ. ಗ್ರಾಮ ಪಂಚಾಯಿತಿಯಲ್ಲಿ ಆಸ್ತಿಗೆ ಕೊಡುವ ದಾಖಲೆ, ನಮೂನೆ 9 ಮತ್ತು ನಮೂನೆ 11. ಪುರಸಭೆಯಲ್ಲಾದರೆ ನಮೂನೆ 3. ಅದಿಲ್ಲದೆ ಬ್ಯಾಂಕ್ ಸಾಲ ಇಲ್ಲ, ಮನೆ ಲೈಸೆನ್ಸ್ ಇಲ್ಲ, ಮಾರಾಟವೂ ಇಲ್ಲ. ಈ ಮನೆಗೆ ಬಂದುಹೋಗುವ ನೆಂಟರೆಲ್ಲ ಕಾಫಿ ಕುಡಿಯುತ್ತ ‘ನಿಮ್ದು ನೈನ್ ಇಲೆವೆನ್ ಆಯ್ತಾ?’ ಅಂತ ಕೇಳುತ್ತಿದ್ದರು. ನಮ್ಮ ಕಡೆ ಮಳೆ ಬಂತಾ ಅಂತ ಕೇಳುವ ಹಾಗೆ.

ಇನ್ನೊಂದು ಕಥೆ ಹೇಳಿದರು. 2018ರಲ್ಲಿ ಇಲ್ಲಿ ಪುರಸಭೆಗೆ ಚುನಾವಣೆ ಆಯಿತು. ರಾಜ್ಯದ ಎಷ್ಟೋ ಊರುಗಳಲ್ಲಿ ಆದ ಹಾಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಬಿತ್ತು. ಗೆದ್ದವರು ಎರಡು ವರ್ಷ ಅಧ್ಯಕ್ಷರೂ ಇಲ್ಲದೆ, ಸಭೆಯೂ ಇಲ್ಲದೆ ಕೂತರು. 2020ರ ಕೊನೆಗೆ ಅಧ್ಯಕ್ಷರು ಬಂದರು. ಎರಡೂವರೆ ವರ್ಷದ ಅವಧಿ ಮುಗಿದ ಮೇಲೆ ಮತ್ತೆ ಅದೇ ಕಥೆ, 2024ರ ಆಗಸ್ಟ್‌ವರೆಗೆ. ‘ಆ ವರ್ಷಗಳಲ್ಲಿ ಊರು ನಡೆದದ್ದು ಹೇಗೆ?’ ಅಂತ ಕೇಳಿದೆ. ಆಡಳಿತಾಧಿಕಾರಿ ಇರುತ್ತಾರೆ, ಮುಖ್ಯಾಧಿಕಾರಿ ಇರುತ್ತಾರೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಮತ್ತೆ ಹಬ್ಬ ಇರ್ತಲೆ’ ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಆಗ ಗೊತ್ತಾಗಲಿಲ್ಲ.

ಎರಡನೇ ದಿನ

ಬೆಳಿಗ್ಗೆ ಉದ್ದಿನ ದೋಸೆ, ನಿನ್ನೆ ರಾತ್ರಿ ಮಾಡಿದ್ದ ಕೋಳಿ ಸಾರು. ಕೋಳಿ ಸಾರನ್ನು ತಿಂಡಿಗೆ ತಿನ್ನುವ ಊರಿಗೆ ಅಳಿಯನಾಗಿ ಬಂದದ್ದು ನನ್ನ ಪುಣ್ಯ. ಇದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ, ಹೊಟ್ಟೆ ಕಿಚ್ಚು ಒಳ್ಳೆಯದಲ್ಲ.

ಆಮೇಲೆ ಇಬ್ಬರೂ ಕೋಡಿಗೆ ಹೊರಟೆವು. ಇವಳ ಸೋದರತ್ತೆ ಮನೆ ಅಲ್ಲಿದೆ. ಕೋಡಿ ಪುರಸಭೆಯ ಒಳಗೇ ಬರುತ್ತದೆ, ಆದರೆ ಪೇಟೆಯಂತೆ ಇಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿಯ ಹಿನ್ನೀರು. ನಡುವೆ ಉದ್ದನೆಯ ಮರಳಿನ ಪಟ್ಟಿ, ಅದರ ಮೇಲೆ ತೆಂಗು, ಮನೆ, ರಸ್ತೆ. ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜಾ, ಕೇದಕ, ಐದು ಹೊಳೆ ಸೇರಿ ಇಲ್ಲಿ ಕಡಲಿಗೆ ಬೀಳುತ್ತವೆ. ಹಾಗಾಗಿಯೇ ಪಂಚಗಂಗಾವಳಿ. ನಾವು ಬಂದ ರೈಲಿನ ಹೆಸರಿನ ಗುಟ್ಟೂ ಇದೇ.

ಸೋದರತ್ತೆಗೆ ಮನೆ ಹಿಂದೆ ಒಂದು ರೂಮು ಕಟ್ಟುವ ಆಸೆ. ಸೊಸೆ ಬರುವವಳಿದ್ದಾಳೆ. ಆದರೆ ಕಡಲಿನ ಭರತದ ಗೆರೆಯಿಂದ 500 ಮೀಟರ್ ಒಳಗೆ ಸಿಆರ್‌ಝಡ್, ಕರಾವಳಿ ನಿಯಂತ್ರಣ ವಲಯ. ಹೊಳೆಯ ಬದಿಗೂ ಬೇರೆ ಅಳತೆ ಇದೆ. ಇವರ ಮನೆ ಎರಡರ ನಡುವೆ ಇದೆ. ‘ಅತ್ಲಾಗೆ ಅಳೆದ್ರೂ ಸಿಕ್ತ್, ಇತ್ಲಾಗೆ ಅಳೆದ್ರೂ ಸಿಕ್ತ್’ ಅಂತ ನಕ್ಕರು. ಕಾನೂನು ಮಾಡಿದ್ದು ಕಡಲನ್ನು, ಕಡಲ ಮಕ್ಕಳನ್ನು ಉಳಿಸಲಿಕ್ಕೆ. ಅದು ಬೇಕು. ಆದರೆ ನೂರು ವರ್ಷದಿಂದ ಇಲ್ಲೇ ಇರುವವರಿಗೂ, ನಿನ್ನೆ ರೆಸಾರ್ಟ್ ಕಟ್ಟಲು ಬಂದವರಿಗೂ ಒಂದೇ ಕೌಂಟರಿನಲ್ಲಿ ಸಾಲು ನಿಲ್ಲಿಸಿದರೆ ಯಾರು ಮೊದಲು ದಣಿಯುತ್ತಾರೆ ಅನ್ನುವುದು ಗೊತ್ತಿರುವ ವಿಷಯ.

ಬಾವಿ ತೋರಿಸಿದರು. ಈಗ ಸಿಹಿನೀರು. ಏಪ್ರಿಲ್ ಹೊತ್ತಿಗೆ ಉಪ್ಪು. ಹೊಳೆಯಲ್ಲಿ ಮೇಲಿನಿಂದ ಬರುವ ನೀರು ಕಡಿಮೆಯಾದ ಹಾಗೆ ಭರತದ ಹೊತ್ತಿಗೆ ಕಡಲ ನೀರು ಒಳಗೊಳಗೇ ಏರಿ ಬರುತ್ತದೆ. ಆಗ ನಲ್ಲಿ ನೀರೇ ಗತಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಗೆ ನೀರಿಗೆ ಪರದಾಟ. ನಮ್ಮ ಪಾವಗಡದವರಿಗೆ ಹೇಳಿದರೆ ನಂಬುವುದಿಲ್ಲ.

ಕಡಲತೀರಕ್ಕೆ ಹೋದಾಗ ಹತ್ತು ಹನ್ನೆರಡು ಹುಡುಗರು ಗೋಣಿಚೀಲ ಹಿಡಿದು ಪ್ಲಾಸ್ಟಿಕ್ ಹೆಕ್ಕುತ್ತಿದ್ದರು. ಹಬ್ಬಕ್ಕೆ ಬಂದವರು ಕೋಡಿಗೂ ಬರುತ್ತಾರೆ, ಅದಕ್ಕೆ ಮುಂಚೆಯೇ ಒಂದು ಸುತ್ತು ಅಂದರು. ಹಬ್ಬ ಮುಗಿದ ಮೇಲೆ ಇನ್ನೊಂದು ಸುತ್ತು ಇದ್ದೇ ಇದೆ. ಈ ತೀರಕ್ಕೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ ಅವುಗಳ ಕಾಲ. ರಾತ್ರಿ ಮರಳು ತೋಡಿ ಮೊಟ್ಟೆ ಇಟ್ಟು ಹೋಗಿಬಿಡುತ್ತವೆ. ಊರಿನ ಮೀನುಗಾರರು, ಹುಡುಗರು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಗೂಡಿಗೆ ಬಲೆಯ ಬೇಲಿ ಹಾಕುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬರುತ್ತವೆ. ಇದನ್ನೆಲ್ಲ ಹೇಳಿದ ಹುಡುಗ ಇನ್ನೂ ಪಿಯುಸಿ. ನಾಯಿಗಳನ್ನು ಓಡಿಸುತ್ತ ರಾತ್ರಿ ಕಾವಲು ಕಾದದ್ದನ್ನು ಪರೀಕ್ಷೆಯ ಮಾರ್ಕ್ಸಿಗಿಂತ ಹೆಮ್ಮೆಯಿಂದ ಹೇಳಿದ.

ಸೀ ವಾಕ್ ಕಡೆ ನಡೆದೆವು. ಕಲ್ಲಿನ ಅಲೆತಡೆಗೋಡೆ ಕಡಲಿನೊಳಗೆ ಚಾಚಿಕೊಂಡಿದೆ. ತುದಿಗೆ ಹೋಗಿ ನಿಂತರೆ ಅಳಿವೆಯ ಆಚೆ ದಡದಲ್ಲಿ ಗಂಗೊಳ್ಳಿ. ಕೂಗಿದರೆ ಕೇಳುತ್ತದೇನೋ ಅನ್ನುವಷ್ಟು ಹತ್ತಿರ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ಹೆಮ್ಮಾಡಿ, ತ್ರಾಸಿ ಅಂತ ದೊಡ್ಡ ಸುತ್ತು. ನಾವು ಆ ಸುತ್ತನ್ನೂ ಹಾಕಿದೆವು, ಭಾವಮೈದನ ಗೆಳೆಯನ ಬೋಟು ಬರುವುದಿತ್ತು.

ಗಂಗೊಳ್ಳಿ ಬಂದರಿನ ವರ್ಷ ಜನವರಿಗೆ ಶುರುವಾಗುವುದಿಲ್ಲ. ಆಗಸ್ಟ್‌ಗೆ ಶುರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚು ಕುದುರೆ. ಆಗ ನಾಡದೋಣಿಯವರದ್ದೇ ರಾಜ್ಯ. ಆಗಸ್ಟ್‌ನಲ್ಲಿ ಕಡಲಿಗೆ ಪೂಜೆ ಮಾಡಿ, ಹಾಲು ಎರೆದು, ಬೋಟು ಇಳಿಸುತ್ತಾರೆ. ಇಲ್ಲಿನ ಅಂಗಡಿಯ ಸಾಲದ ಪುಸ್ತಕ, ಶಾಲೆಯ ಫೀಸು, ಮದುವೆ ಮುಹೂರ್ತ ಎಲ್ಲವೂ ಆ ಎರಡು ತಿಂಗಳನ್ನು ನೋಡಿಕೊಂಡೇ ನಡೆಯುತ್ತವೆ.

ನಾವು ಹೋದಾಗ ಬೋಟಿನಿಂದ ಬುಟ್ಟಿ ಬುಟ್ಟಿ ಬಂಗುಡೆ ಇಳಿಸುತ್ತಿದ್ದರು. ಐಸ್ ಪುಡಿ ಮಾಡುವ ಸದ್ದು, ಹರಾಜು ಕೂಗುವ ಸದ್ದು, ಹದ್ದುಗಳು. ದೊಡ್ಡ ಜಗಳವೊಂದು ನಡೆಯುತ್ತಿದೆ ಅಂದುಕೊಂಡೆ, ಅದು ಮಾಮೂಲಿ ಮಾತುಕತೆಯಂತೆ. ನಿಜವಾದ ಜಗಳ ಲೈಟ್ ಫಿಶಿಂಗ್ ಬಗ್ಗೆ. ರಾತ್ರಿ ಕಡಲಲ್ಲಿ ದೊಡ್ಡ ದೊಡ್ಡ ಲೈಟು ಹಾಕಿ ಮೀನನ್ನೆಲ್ಲ ಸೆಳೆದು ಬಾಚುವುದು. ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ‘ಮರಿಯನ್ನೂ ಬಿಡುದಿಲ್ಲ ಮಾರ್ರೆ. ನಾಳೆಗೆ ಎಂತ ಹಿಡುದು?’ ಅಂತ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಕೇಳಿದರು. ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

ದಡದ ಒಂದು ಕಡೆ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. 2023ರ ನವೆಂಬರ್‌ನಲ್ಲಿ, ದೀಪಾವಳಿ ಹೊತ್ತಿಗೆ, ಗಂಗೊಳ್ಳಿಯಲ್ಲಿ ಹೀಗೆ ಒತ್ತಾಗಿ ನಿಂತಿದ್ದ ಬೋಟುಗಳಿಗೆ ಬೆಂಕಿ ಬಿದ್ದು ಹಲವು ಸುಟ್ಟುಹೋದವು. ಒಂದು ಬೋಟು ಅಂದರೆ ಒಂದು ಮನೆಯ ಲೆಕ್ಕ ಅಲ್ಲ. ಅದರ ಹಿಂದೆ ಹಿಡಿಯುವವರು, ಇಳಿಸುವವರು, ಬಲೆಯವರು, ಐಸಿನವರು, ತಲೆಮೇಲೆ ಬುಟ್ಟಿ ಹೊತ್ತು ಮಾರುವವರು.

ರಾತ್ರಿ ಆಟಕ್ಕೆ ಹೋದೆವು. ಆಟ ಅಂದರೆ ಯಕ್ಷಗಾನ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮೇ ತಿಂಗಳವರೆಗೂ ಈ ಕಡೆ ರಾತ್ರಿ ಎಲ್ಲಿಯಾದರೂ ಒಂದು ಕಡೆ ಚೆಂಡೆ ಕೇಳುತ್ತಲೇ ಇರುತ್ತದೆ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ಇವತ್ತಿನದು ಹತ್ತಿರದ ಗದ್ದೆಯಲ್ಲಿ ಯಾರದೋ ಮನೆಯ ಹರಕೆ. ನಾನು ಬೆಳಗಾಗುವವರೆಗೂ ಕೂರುವ ತಯಾರಿಯಲ್ಲಿ ಶಾಲು ತಂದಿದ್ದೆ. ರಾತ್ರಿ ಹತ್ತರ ಮೇಲೆ ಮೈಕಿಗೆ ನಿಯಮ, ಸ್ಟೇಷನ್ನಿನ ಪರ್ಮಿಷನ್, ಅದರಿಂದಾಗಿ ಈಗ ಎಷ್ಟೋ ಕಡೆ ಕಾಲಮಿತಿಯ ಆಟ. ಮಾವನಿಗೆ ಇದು ಸರಿ ಬಂದಿಲ್ಲ. ‘ಮಹಿಷಾಸುರ ಬೆಳಿಗ್ಗೆ ಬರ್ಬೇಕು, ಆಕಳಿಸ್ತಾ ಕೂತ ಮಕ್ಕಳು ಹೆದರ್ಬೇಕು. ಹತ್ತು ಗಂಟೆಗೆ ಬಂದ್ರೆ ಅವ ಮಹಿಷಾಸುರನಾ, ಸೇಲ್ಸ್‌ಮನ್ನಾ?’ ಅಂದರು. ನನಗಂತೂ ನಡುರಾತ್ರಿಯೊಳಗೆ ಮನೆಗೆ ಬಂದದ್ದು ಒಳ್ಳೆಯದೇ ಆಯಿತು. ಇದನ್ನು ಅವರೆದುರು ಹೇಳಲಿಲ್ಲ.

ವಾಪಸ್ ಬರುವಾಗ ಓಣಿ ತುದಿಯಲ್ಲಿ ಬೆಳಕು. ಒಂದು ಜೆಸಿಬಿ, ಒಂದು ಟಿಪ್ಪರ್, ನಾಲ್ಕು ಜನ. ಮೋರಿಗೆ ಹೊಸ ಚಪ್ಪಡಿ ಇಡುತ್ತಿದ್ದರು! ರಾತ್ರಿ ಹನ್ನೊಂದೂವರೆಗೆ. ಮಾವ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಶಾಲನ್ನು ಸರಿ ಮಾಡಿಕೊಂಡರು ಅಷ್ಟೆ.

ಮೂರನೇ ದಿನ

ಹಬ್ಬ.

ಅತ್ತೆ ನಾಲ್ಕೂವರೆಗೆ ಎಬ್ಬಿಸಿದರು. ಸ್ನಾನ, ಹೊಸ ಪಂಚೆ, ಇವಳಿಗೆ ಮದುವೆಯ ಸೀರೆ. ಸೇರು ಅಕ್ಕಿಯನ್ನು ಬಟ್ಟೆ ಚೀಲಕ್ಕೆ ಹಾಕಿ ಕೈಗೆ ಕೊಟ್ಟರು. ಏಕೆ ಅಂತ ಕೇಳುವಷ್ಟು ಎಚ್ಚರ ನನಗೆ ಇನ್ನೂ ಬಂದಿರಲಿಲ್ಲ.

ಕೋಟೇಶ್ವರದ ಹಳೆಯ ಹೆಸರು ಧ್ವಜಪುರ. ಪರಶುರಾಮ ಸೃಷ್ಟಿಯ ಏಳು ಕ್ಷೇತ್ರಗಳಲ್ಲಿ ಇದೂ ಒಂದು ಅಂತ ನಂಬಿಕೆ. ಉಡುಪಿ, ಕುಂಭಾಶಿ, ಶಂಕರನಾರಾಯಣ, ಕೊಲ್ಲೂರು, ಸುಬ್ರಹ್ಮಣ್ಯ, ಗೋಕರ್ಣ ಉಳಿದವು. ದೇವಸ್ಥಾನದ ಪಕ್ಕದಲ್ಲಿ ಕೋಟಿತೀರ್ಥ, ಎಕರೆಗಟ್ಟಲೆ ಹರಡಿದ ಕೆರೆ. ನಾನು ಇಂಥ ಪುಷ್ಕರಣಿ ಅಂದರೆ ಕಲ್ಲಿನ ಕೊಳ ಅಂದುಕೊಂಡಿದ್ದೆ. ಇದು ನಮ್ಮೂರ ಕೆರೆಯ ಥರವೇ ಇದೆ, ಸುತ್ತ ಮೆಟ್ಟಿಲು ಕಟ್ಟಿದ್ದಾರೆ ಅಷ್ಟೆ.

ಅಕ್ಕಿಯ ಗುಟ್ಟು ಇಲ್ಲಿ ಬಿಚ್ಚಿತು. ಇದಕ್ಕೆ ಸುತ್ತಕ್ಕಿ ಸೇವೆ ಅನ್ನುತ್ತಾರೆ. ಕೆರೆಯ ಸುತ್ತ ಒಂದು ಬಾರಿ ನಡೆಯುತ್ತ ಅಕ್ಕಿಯನ್ನು ಚೆಲ್ಲುತ್ತ ಹೋಗಬೇಕು. ದಾರಿಯುದ್ದಕ್ಕೂ ಬಟ್ಟೆ ಹಾಸಿ ಕೂತವರು. ಅವರ ಬಟ್ಟೆಗೆ ಹಿಡಿ ಹಿಡಿ ಅಕ್ಕಿ ಬೀಳುತ್ತಿತ್ತು. ನಾನು ಮೊದಲ ಐವತ್ತು ಹೆಜ್ಜೆಯಲ್ಲೇ ಅರ್ಧ ಚೀಲ ಖಾಲಿ ಮಾಡಿದೆ. ಇವಳು ಕೈ ಹಿಡಿದು ನಿಲ್ಲಿಸಿದಳು. ‘ಸ್ವಲ್ಪ ಸ್ವಲ್ಪ ಹಾಕಿ, ಕೊನೆಯವರಿಗೂ ಸಿಗ್ಬೇಕಲ್ವಾ?’ ಆಮೇಲೆ ನಾಲ್ಕು ನಾಲ್ಕು ಕಾಳು ಲೆಕ್ಕ ಹಾಕಿ ಚೆಲ್ಲುತ್ತ ಹೋದೆ. ಮುಂದೆ ಹೋಗುತ್ತಿದ್ದ ಇನ್ನೊಂದು ಹೊಸ ಜೋಡಿಯಲ್ಲೂ ಅದೇ ಪಾಠ ನಡೆಯುತ್ತಿತ್ತು. ಆ ಗಂಡ ತಿರುಗಿ ನನ್ನನ್ನು ನೋಡಿ ನಕ್ಕ. ಘಟ್ಟದ ಮೇಲಿನವನೇ ಇರಬೇಕು.

ಒಂಬತ್ತರ ಹೊತ್ತಿಗೆ ರಥಬೀದಿಯಲ್ಲಿ ಕಾಲಿಡಲು ಜಾಗ ಇಲ್ಲ. ಬ್ರಹ್ಮರಥ ಬಾವುಟಗಳಿಂದ ತುಂಬಿ ನಿಂತಿತ್ತು. ಎಲ್ಲರೂ ರಥ ಬಿಟ್ಟು ಆಕಾಶ ನೋಡುತ್ತಿದ್ದರು. ಗರುಡ ಬಂದು ರಥದ ಮೇಲೆ ಸುತ್ತು ಹಾಕಿದ ಮೇಲೆ ತೇರು ಹೊರಡುವುದು ಇಲ್ಲಿನ ನಂಬಿಕೆ. ನಿನ್ನೆ ಗಂಗೊಳ್ಳಿಯಲ್ಲಿ ಮೀನಿಗಾಗಿ ಸುತ್ತುತ್ತಿದ್ದ ಹದ್ದುಗಳು ನೆನಪಾಗಿ ನನಗೆ ನಗು ಬಂತು. ಅಷ್ಟರಲ್ಲಿ ‘ಹ್ವಾಯ್, ಬಂತ್ ಬಂತ್’ ಅಂತ ಕೂಗು. ನಿಜವಾಗಿ ಬಿಳಿ ಕತ್ತಿನ ಒಂದು ಹಕ್ಕಿ, ತೆಂಗಿನ ಮರಗಳ ಮೇಲೆ, ಆರಾಮಾಗಿ ಒಂದು ಸುತ್ತು. ಸಾವಿರಾರು ಜನ ಒಟ್ಟಿಗೆ ಕೈ ಮುಗಿದರು. ನನ್ನ ಕೈಯೂ ಹೇಗೆ ಮೇಲೆ ಹೋಯಿತೋ. ನಗು ಎಲ್ಲಿ ಹೋಯಿತೋ.

ತೇರು ಎಳೆಯುವ ಹಗ್ಗಕ್ಕೆ ಕೈ ಹಾಕಿದೆ. ದಪ್ಪ ಹಗ್ಗ, ನೂರಾರು ಕೈ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಎಲ್ಲೋ ಕೆಳಗಿನಿಂದ ಒಂದು ಕಿರ್ ಅನ್ನುವ ಸದ್ದು ಬಂದು, ಹಗ್ಗ ಸಡಿಲವಾಗಿ, ಎದುರಿಗಿದ್ದವನ ಬೆನ್ನಿಗೆ ನಾನು ಡಿಕ್ಕಿ. ನನ್ನ ಬೆನ್ನಿಗೆ ಇನ್ಯಾರೋ. ಬಾಳೆಹಣ್ಣು ತಲೆ ಮೇಲೆ ಬೀಳುತ್ತಿದ್ದವು. ಚಪ್ಪಲಿ ಒಂದು ಹೋಯಿತು.

ಕಬ್ಬಿನ ಬೀದಿ ಬೇರೆಯೇ ಲೋಕ. ಕಟ್ಟು ಕಟ್ಟು ಕಬ್ಬನ್ನು, ಹಸಿರು ಗರಿಯ ತುದಿ ಸಮೇತ, ರಸ್ತೆಯ ಎರಡೂ ಬದಿಗೆ ನಿಲ್ಲಿಸಿದ್ದರು. ಕೈ ಕೈ ಹಿಡಿದ ಹೊಸ ಜೋಡಿಗಳು, ಹಿಂದೆ ಸಲಹೆ ಕೊಡುವ ಅತ್ತೆಯಂದಿರು. ಕೊಡಿ ಚೆನ್ನಾಗಿರಬೇಕು, ಒಣಗಿರಬಾರದು, ಮುರಿದಿರಬಾರದು. ಕೊಡಿ ಮನೆಗೆ ತಂದರೆ ಮನೆಯಲ್ಲಿ ಕುಡಿ ಒಡೆಯುತ್ತದೆ ಅಂತ ಅರ್ಥ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಬ್ಬು ಮಾರುವವನು ಮಾತ್ರ ಹೇಳಿದ. ‘ಎರಡ್ ತಕಣಿ ಸಾರ್, ಅವಳಿ-ಜವಳಿ ಇರ್ಲಿ!’ ಇವಳ ಮುಖ ಕೆಂಪಾಯಿತು. ಒಂದೇ ತೆಗೆದುಕೊಂಡೆವು, ಎರಡು ಬೆಡ್‌ರೂಮಿನ ಬಾಡಿಗೆ ಮನೆಗೆ ಅಷ್ಟು ಸಾಕು.

ನಾನು ಹಬ್ಬವನ್ನು ನೋಡಿದಷ್ಟೇ ಅದರ ಹಿಂದಿನ ಕೆಲಸವನ್ನೂ ನೋಡಿದೆ. ಮಾವನ ಜೊತೆ ಹೋದರೆ ಬೇರೆ ದಾರಿಯಿಲ್ಲ. ತೇರು ಬರುವ ಮುಂಚೆ ಮೆಸ್ಕಾಂನವರು ಬೀದಿಗೆ ಅಡ್ಡ ಬರುವ ತಂತಿ ತೆಗೆಯುತ್ತಾರೆ, ತೇರು ದಾಟಿದ ಮೇಲೆ ಮತ್ತೆ ಕಟ್ಟುತ್ತಾರೆ. ಕುಡಿಯುವ ನೀರಿನ ಟ್ಯಾಂಕ್ ಎಲ್ಲಿ, ಆಂಬುಲೆನ್ಸ್ ನಿಲ್ಲುವುದು ಎಲ್ಲಿ, ಪಾರ್ಕಿಂಗ್ ಯಾವ ಶಾಲೆಯ ಮೈದಾನದಲ್ಲಿ, ಎಲ್ಲದಕ್ಕೂ ವಾರಗಟ್ಟಲೆ ಮುಂಚೆ ಸಭೆ. ಬಾಂಬೆ ಮಿಠಾಯಿ ಮಾರುವವನ ಮಿಠಾಯಿ ಬೆಳ್ಳಗಿತ್ತು. ಗುಲಾಬಿ ಬಣ್ಣ ಎಲ್ಲಿ ಅಂತ ಒಂದು ಮಗು ಅಳುತ್ತಿತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಅದರ ಕೃತಕ ಬಣ್ಣವನ್ನು ನಿಷೇಧಿಸಿತಲ್ಲ, ಗೋಬಿ ಮಂಚೂರಿಯ ಬಣ್ಣದ ಜೊತೆಗೇ. ‘ಮಗಾ, ಬಣ್ಣ ಬೆಂಗ್ಳೂರಿನವ್ರು ತಕಂಡ್ ಹ್ವಾದ್ರ್’ ಅಂತ ಅಜ್ಜಿ ಸಮಾಧಾನ ಮಾಡಿದರು. ಬೆಂಗಳೂರಿನವನಾಗಿ ನಾನು ತಲೆ ತಗ್ಗಿಸಿದೆ.

ಸಂಜೆಯಾಗುತ್ತಿದ್ದ ಹಾಗೆ ಕಸ. ಕಬ್ಬಿನ ಸಿಪ್ಪೆ, ಪೇಪರ್ ಪ್ಲೇಟ್, ಬಾಟಲಿ. ಬೆಳಿಗ್ಗೆ ನಾವೂ ಸೇರಿ ಯಾರೂ ಕೆಳಗೆ ನೋಡಿರಲಿಲ್ಲ. ಈಗ ಸಮವಸ್ತ್ರ ಹಾಕಿಕೊಂಡ ಹೆಂಗಸರು ಗಾಡಿ ತಂದು ಹಸಿ ಬೇರೆ, ಒಣ ಬೇರೆ ಮಾಡುತ್ತಿದ್ದರು. ಕುಂದಾಪುರ ತಾಲೂಕಿನ ವಂಡ್ಸೆ ಪಂಚಾಯಿತಿಯಲ್ಲಿ ಎಸ್‌ಎಲ್‌ಆರ್‌ಎಂ ಅನ್ನುವ ಕಸ ವಿಂಗಡಿಸುವ ಘಟಕ ಚೆನ್ನಾಗಿ ನಡೆದು, ದೂರದ ಪಂಚಾಯಿತಿಯವರೂ ನೋಡಲು ಬಂದರಂತೆ. ಬೆಂಗಳೂರು ಕಸಕ್ಕೆ ಜಾಗ ಹುಡುಕಿ ಸೋತ ಕಥೆ ನನಗೆ ಗೊತ್ತು. ಇಲ್ಲಿ ಒಬ್ಬ ಹೆಂಗಸು ಕಬ್ಬಿನ ಸಿಪ್ಪೆ ಗುಡ್ಡೆ ಹಾಕುತ್ತ, ‘ದೇವರು ತೇರಲ್ಲಿ ಹೋದ, ಕಸ ನಮ್ಮ ತೇರಲ್ಲಿ ಹೋತ್ತ್’ ಅಂದರು. ಅವರೂ ಒಂದು ಕಬ್ಬಿನ ಕೊಡಿಯನ್ನು ಗಾಡಿಗೆ ಕಟ್ಟಿಕೊಂಡಿದ್ದರು. ಮಗಳಿಗೆ ಹೋದ ತಿಂಗಳು ಮದುವೆ ಆಯಿತಂತೆ, ರಜೆ ಸಿಗದೆ ಬರಲಾಗಲಿಲ್ಲ, ಅದಕ್ಕೆ ತಾವೇ ತೆಗೆದಿಟ್ಟದ್ದು.

ರಾತ್ರಿ ಮನೆ ಮುಟ್ಟಿದಾಗ ಹುಣ್ಣಿಮೆ. ಮೋರಿ ಸರಿಯಾಗಿದೆ. ಬೀದಿ ದೀಪವೂ ಉರಿಯುತ್ತ ಇದೆ. ಗೇಟು ಹಾಗೇ ಜೋತು ಬಿದ್ದಿದೆ. ಆರು ತಿಂಗಳಲ್ಲಿ ಆಗದ ಕೆಲಸ ಎರಡು ದಿನದಲ್ಲಿ ಆಗುವುದು ಹೇಗೆ ಅಂತ ಕೇಳಿದೆ. ಮಾವ ಮೆಲ್ಲ ಹೇಳಿದರು. ಯಾರಿಗೆ ಬೇಕಾದರೂ ಇಲ್ಲ ಅನ್ನಬಹುದು. ಮನೆಗೆ ನೆಂಟರು ಬರುವ ದಿನ ಮಾತ್ರ ಇಲ್ಲ ಅನ್ನಲಾಗುವುದಿಲ್ಲ. ಪಂಚಾಯಿತಿಯಲ್ಲಿ ಕೂತವನ ಮನೆಗೂ ನೆಂಟರು ಬರುತ್ತಾರಲ್ಲ. ಆ ಮೊದಲ ದಿನ ‘ಮತ್ತೆ ಹಬ್ಬ ಇರ್ತಲೆ’ ಅಂದದ್ದು ತಮಾಷೆಗಲ್ಲ ಅಂತ ಈಗ ಗೊತ್ತಾಯಿತು.

ನಾಲ್ಕನೇ ದಿನ

ರೈಲು ಸಂಜೆ. ಹಗಲು ಮರವಂತೆಗೆ ಒಂದು ಸುತ್ತು. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋದಲ್ಲಿ ಎಲ್ಲರೂ ನೋಡಿದ್ದೇ. ಫೋಟೋದಲ್ಲಿ ಕಾಣದ್ದು ಕಡಲು ಎಷ್ಟು ಒಳಗೆ ಬಂದಿದೆ ಅನ್ನುವುದು. ಕಡಲಿಗೆ ಚಾಚಿದ ಕಲ್ಲಿನ ಗೋಡೆಗಳು ಅದಕ್ಕೇ. ಇಲ್ಲಿನ ವರಾಹ ದೇವಸ್ಥಾನದಲ್ಲಿ ಕರ್ಕಾಟಕ ಅಮಾವಾಸ್ಯೆಗೆ, ಭರ್ತಿ ಮಳೆಯಲ್ಲಿ, ಜಾತ್ರೆ. ಜನ ಕಡಲಲ್ಲೂ ಹೊಳೆಯಲ್ಲೂ ಮಿಂದು ಬರುತ್ತಾರೆ. ಅದೇ ಆಸಾಡಿ ಅಮಾವಾಸ್ಯೆಯನ್ನು ಈಗ ಕೆಲವು ವರ್ಷಗಳಿಂದ ವಿಶ್ವ ಕುಂದಾಪ್ರ ಕನ್ನಡ ದಿನ ಅಂತಲೂ ಮಾಡುತ್ತಾರೆ, ಬೆಂಗಳೂರಿನಲ್ಲೂ ನಡೆಯುತ್ತದೆ. ಮುಂದಿನ ವರ್ಷ ನಾನೂ ಹೋಗಬೇಕಂತೆ, ಅಪ್ಪಣೆಯಾಗಿದೆ.

ವಾಪಸ್ ಬರುವಾಗ ಒಳದಾರಿಯಲ್ಲಿ ಒಂದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಹೊಸ ಕಾಂಕ್ರೀಟು ಕಾಲುಸಂಕ ಕಂಡಿತು, ನಡೆದು ದಾಟುವ ಕಿರುಸೇತುವೆ. ಪಕ್ಕದಲ್ಲಿ ಹಳೆಯ ಮರದ ಸಂಕ ಇನ್ನೂ ಬಿದ್ದಿತ್ತು. ಎರಡು ಅಡಿಕೆ ಮರ, ಹಿಡಿಯಲು ಒಂದು ಹಗ್ಗ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಮಗು ಇಂಥದ್ದರಿಂದ ಜಾರಿ ಹೊಳೆಯ ಪಾಲಾಯಿತು. ಆಮೇಲೆ ಪಟ್ಟಿ ಮಾಡಿದರು, ಅನುದಾನ ಬಂತು, ಹೊಸ ಸಂಕಗಳಾದವು. ಮಾವ ಅಷ್ಟು ಹೇಳಿ ಸುಮ್ಮನಾದರು. ತೋಡಿನ ನೀರು ಈಗ ಮೊಣಕಾಲಿಗೂ ಬರುವಷ್ಟಿರಲಿಲ್ಲ.

ಸ್ಟೇಷನ್‌ಗೆ ಹೊರಡುವಾಗ ಗೇಟಿನವನು ಬಂದ. ವೆಲ್ಡಿಂಗ್ ಮಿಷನ್ ತಂದಿರಲಿಲ್ಲ, ಟೇಪು ತಂದಿದ್ದ. ಅಳತೆ ತೆಗೆದ. ಇದು ಮೂರನೇ ಸಲದ ಅಳತೆ ಅಂತ ಅತ್ತೆ ಒಳಗಿನಿಂದ ಹೇಳಿದರು. ಹಬ್ಬ ಮುಗಿದೇಹೋಯಿತಲ್ಲ ಅಂತ ಮಾವ ಅಂದದ್ದಕ್ಕೆ ಅವನು ಮುಖ ಬಾಡಿಸಿಕೊಂಡು ಏನೋ ಹೇಳಿದ. ನನಗೆ ಆಟೋ ಸದ್ದಿನಲ್ಲಿ ಕೇಳಲಿಲ್ಲ.

ಕಬ್ಬನ್ನು ಬರ್ತಿನ ಕೆಳಗೆ ಇಡಲು ಆಗಲಿಲ್ಲ, ಗರಿ ಹೊರಗೆ ಚಾಚಿ ಟಿಸಿಯ ಪ್ಯಾಂಟಿಗೆ ತಾಗುತ್ತಿತ್ತು. ಅವರು ಬಗ್ಗಿ ನೋಡಿ, ‘ಕೊಡಿ ಹಬ್ಬವಾ?’ ಅಂತ ಕೇಳಿ, ಟಿಕೆಟ್ ನೋಡದೆ ಮುಂದೆ ಹೋದರು. ಉಡುಪಿ ದಾಟುವಾಗ ಮಾವನ ಫೋನ್. ಮುಟ್ಟಿದ ತಕ್ಷಣ ತಿಳಿಸಿ, ಕೊಡಿ ಬಾಡದ ಹಾಗೆ ನೀರು ಚಿಮುಕಿಸಿ ಅಂದರು. ಗೇಟಿನವನು ಏನಂದ ಅಂತ ಕೇಳಿದೆ.

‘ಮಳಿಗಾಲ್ದೊಳ್ಗೆ ಆತ್ತ್ ಅಂದ’ ಅಂದರು ಮಾವ.